ವೆರ್ನಾ ತೆರೆದಿಟ್ಟ ಬಾಗಿಲು

ನಮ್ಮೂರಿನ ಮಾಜಿ ಸೈನಿಕರ ಆಶ್ರಮಕ್ಕೆ ಎರಡು ಬಾಗಿಲು. ಸುಪೀರಿಯರ್ ಸರೋವರಕ್ಕೆ ಮುಖ ಮಾಡಿ ನಿಂತ ಮುಂಬಾಗಿಲು ದೊಡ್ಡದು; ಕಲ್ಲಿನ ಮೆಟ್ಟಿಲು, ಓಕ್ ಮರದ ಜೋಡಿ ಕದ, ಪಕ್ಕದಲ್ಲಿ ಧ್ವಜದ ಕಂಬ. ಇನ್ನೊಂದು ಅಡುಗೆಮನೆಯ ಹಿಂದಿನದು. ಹಾಲಿನ ಲಾರಿ, ಆಲೂಗಡ್ಡೆ ಮೂಟೆ, ಕೆಲಸದವರು, ಕಸ, ಎಲ್ಲದಕ್ಕೂ ಅದೇ ದಾರಿ. ಈಗ ಅಲ್ಲಿ ಯಾರಾದರೂ ತೀರಿಕೊಂಡರೆ ಧ್ವಜ ಹೊದಿಸಿ, ಉಳಿದವರೆಲ್ಲ ಎರಡು ಸಾಲಾಗಿ ನಿಂತು, ಮುಂಬಾಗಿಲಿನಿಂದಲೇ ಕಳಿಸಿಕೊಡುತ್ತಾರೆ. ಹೊರಗಿನಿಂದ ಬಂದವರು ಕಣ್ಣೊರೆಸಿಕೊಂಡು, ಸರ್ಕಾರದವರು ಎಷ್ಟು ಚೆನ್ನಾಗಿ ಯೋಚಿಸಿ ಮಾಡಿದ್ದಾರೆ ಅನ್ನುತ್ತಾರೆ. ಸರ್ಕಾರಕ್ಕೆ ಇದು ಹೊಳೆಯುವ ಸಂಗತಿಯೇ ಅಲ್ಲ. ಇದು ವೆರ್ನಾ ತಕ್ಕಲ ಎಂಬ ಹೆಂಗಸಿನ ಹಠ, ಅದೂ ಫೆಬ್ರವರಿ ತಿಂಗಳ ಹಠ. ಆಳೆತ್ತರ ಹಿಮ ಬೀಳುವ ನಮ್ಮ ಕಡೆಯ ಫೆಬ್ರವರಿಯನ್ನು ಕಂಡವರಿಗೆ ಅದರ ತೂಕ ಗೊತ್ತು.

ವೆರ್ನಾ ಹುಟ್ಟಿದ್ದು ತಾಮ್ರದ ಗಣಿಯವರ ಸಾಲುಮನೆಯಲ್ಲಿ. ಅವಳಜ್ಜ ಫಿನ್‌ಲ್ಯಾಂಡಿನಿಂದ ಬಂದವನು, ಅಪ್ಪ ಗಣಿಯಲ್ಲೇ ಬೆನ್ನು ಬಗ್ಗಿಸಿದವನು. ಮನೆಯಲ್ಲಿ ಮಾತು ಕಡಿಮೆ, ಕಾಫಿ ಜಾಸ್ತಿ, ಶನಿವಾರ ತಪ್ಪದೆ ಹಬೆಯ ಸ್ನಾನ. ಅವಳು ಒಮ್ಮೆ ಮದುವೆಯಾದಳು, ಬಿಟ್ಟಳು. ಎರಡಕ್ಕೂ ಒಂದೇ ಬೇಸಿಗೆ ಸಾಕಾಯಿತು ಅಂತ ತಾನೇ ಹೇಳಿಕೊಂಡು ನಗುತ್ತಿದ್ದಳು. ಆಶ್ರಮಕ್ಕೆ ಸೇರಿದ್ದು ಬಟ್ಟೆ ಒಗೆಯುವ ಕೋಣೆಯ ಕೆಲಸಕ್ಕೆ. ಆಮೇಲೆ ಮುದುಕರನ್ನು ಎತ್ತಿ ಕೂರಿಸುವ ಕೆಲಸ, ಕೊನೆಗೆ ಕಡೇ ವಾರ್ಡು.

ಡಾಕ್ಟರು ಇನ್ನು ಮಾಡುವುದಕ್ಕೇನೂ ಉಳಿದಿಲ್ಲ ಅಂತ ಕೈ ತೊಳೆದುಕೊಂಡವರನ್ನು ತಂದು ಮಲಗಿಸುತ್ತಿದ್ದ ಜಾಗ ಅದು. ಆ ಮಾತು ಕೇಳಿದರೆ ವೆರ್ನಾಗೆ ಮೈಯೆಲ್ಲ ಉರಿಯುತ್ತಿತ್ತು. ತುಟಿ ಒದ್ದೆ ಮಾಡಬೇಕು, ಮಗ್ಗುಲು ಬದಲಿಸಬೇಕು, ಹಿಮ್ಮಡಿ ಹುಣ್ಣಾಗದ ಹಾಗೆ ಕೆಳಗೆ ದಿಂಬು ಕೊಡಬೇಕು, ಗಡ್ಡ ಹೆರೆಯಬೇಕು, ಹೇಳಿದ್ದನ್ನೇ ಹೇಳುವ ಕಥೆಗೆ ಹೊಸದಾಗಿ ಹೂಂಗುಟ್ಟಬೇಕು. ಮಾಡುವುದಕ್ಕೆ ಬೇಕಾದಷ್ಟಿದೆ, ಮಾಡುವ ಮನಸ್ಸಿರಬೇಕು ಅಷ್ಟೇ ಅನ್ನುತ್ತಿದ್ದಳು. ಹೊಸದಾಗಿ ಬಂದ ನರ್ಸುಗಳಿಗೆ ಅವಳು ಮೊದಲು ಹೇಳಿಕೊಡುತ್ತಿದ್ದ ಪಾಠ ಒಂದೇ: ಮಲಗಿದ ಸೈನಿಕನ ಭುಜ ಮುಟ್ಟಬೇಡಿ. ಕಾಲಿನ ಕಡೆ ನಿಂತು, ಹೆಬ್ಬೆರಳು ಹಿಡಿದು, ನಿಮ್ಮ ಹೆಸರು ಹೇಳಿ. ಯುದ್ಧಕ್ಕೆ ಹೋಗಿ ಬಂದವರು ಎಂಬತ್ತು ವರ್ಷಕ್ಕೂ ನಿದ್ದೆಯಿಂದ ಕೈ ಬೀಸಿಕೊಂಡೇ ಏಳುತ್ತಾರೆ. ಇದನ್ನು ಕಿವಿಗೆ ಹಾಕಿಕೊಳ್ಳದ ನರ್ಸೊಬ್ಬಳು ವಾರವಿಡೀ ಕಪ್ಪುಗಟ್ಟಿದ ಕಣ್ಣು ಹೊತ್ತು ತಿರುಗಿದ್ದಳು.

ಆಗಿನ ಮೇಲಧಿಕಾರಿ ಲೋವೆಲ್ ಸ್ಟ್ರೌಡ್. ಒಳ್ಳೆಯ ಮನುಷ್ಯ, ಅದೇ ಅವನ ತೊಂದರೆ. ಮುದುಕರ ಮನಸ್ಸಿಗೆ ನೋವಾಗಬಾರದು ಅಂತ ಅವನು ಒಂದು ಪದ್ಧತಿ ಮಾಡಿದ್ದ. ಯಾರಾದರೂ ಹೋದರೆ ಕೆಲಸದವರು ಸದ್ದಿಲ್ಲದೆ ಓಡಾಡಿ ಎಲ್ಲ ಕೋಣೆಗಳ ಬಾಗಿಲು ಮುಚ್ಚಬೇಕು. ಆಮೇಲೆ ಹೆಣವನ್ನು ಅಡುಗೆಮನೆಯ ಹಿಂದಿನಿಂದ ಸಾಗಿಸಬೇಕು. ಊರಿನಲ್ಲಿ ಹೆಣ ಸಾಗಿಸುವ ಎಮಿಲ್ ಬಿಯಾಂಕಿಯ ಕಪ್ಪು ಕಾರು ಕಸದ ಡಬ್ಬಿಗಳ ಪಕ್ಕ ನಿಂತಿರುತ್ತಿತ್ತು. ಹತ್ತು ನಿಮಿಷಕ್ಕೆ ಬಾಗಿಲು ಮತ್ತೆ ತೆರೆಯುವರು, ಕಾಫಿ ಕೊಡುವರು, ಏನೂ ಆಗೇ ಇಲ್ಲ ಅನ್ನುವ ಹಾಗೆ. ಮುದುಕರೇನು ಕಡಲೆಪುರಿ ತಿನ್ನುತ್ತಿದ್ದರೇ. ಹಗಲಲ್ಲಿ ಬಾಗಿಲು ಮುಚ್ಚಿದರು ಅಂದರೆ ಒಬ್ಬ ಹೊರಟ ಅಂತ ಎಲ್ಲರಿಗೂ ಗೊತ್ತಿತ್ತು. ಒಳಗೆ ಕೂತು ಕಿವಿಗೊಟ್ಟು, ಗಾಲಿಗಳ ಸದ್ದು ಯಾವ ಕೋಣೆಯಿಂದ ಶುರುವಾಯಿತು ಅನ್ನುವುದರ ಮೇಲೆ ಹೆಸರು ಹೇಳುತ್ತಿದ್ದರು.

ಕೊರಿಯಾ ಯುದ್ಧಕ್ಕೆ ಹೋದ ಹುಡುಗರು ಎಪ್ಪತ್ತರ ಹತ್ತಿರ ಬಂದಿದ್ದ ಕಾಲ. ಅಂಥವರಲ್ಲೊಬ್ಬ ಆರ್ವೊ ಕೆಂಪಾಯಿನೆನ್, ಕ್ರಿಸ್‌ಮಸ್ ಕಳೆದ ಮೇಲೆ ಕಡೇ ವಾರ್ಡಿಗೆ ಬಂದ. ಶ್ವಾಸಕೋಶ ಪೂರ್ತಿ ಹೋಗಿತ್ತು. ಹಿಂದೆಮುಂದೆ ಯಾರೂ ಇಲ್ಲದ ಒಂಟಿ. ನೋವು ಹೇಗಿದೆ ಅಂದರೆ ಪರವಾಗಿಲ್ಲ, ಊಟ ಹೇಗಿತ್ತು ಅಂದರೆ ಪರವಾಗಿಲ್ಲ. ದವಡೆ ಬಿಗಿದು, ಹಾಸಿಗೆಯ ಅಂಚನ್ನು ಬೆರಳು ಬೆಳ್ಳಗಾಗುವಷ್ಟು ಹಿಡಿದಿದ್ದರೂ ನೋವು ಮರೆಸುವ ಮಾರ್ಫಿನ್ ತೊಟ್ಟು ಮಾತ್ರ ಬೇಡ ಅನ್ನುತ್ತಿದ್ದ.

ಅವನ ಪಕ್ಕದ ಕೋಣೆಯ ಲೂಸಿಯನ್ ತೀರಿಕೊಂಡ ದಿನ ವೆರ್ನಾ ಎಂದಿನಂತೆ ಬಾಗಿಲು ಮುಚ್ಚಲು ಬಂದಳು. ಆರ್ವೊ ಅಲ್ಲೇ ಇರು ಅಂದ. ಯಾವ ಬಾಗಿಲಿನಿಂದ ಕರೆದುಕೊಂಡು ಹೋಗ್ತಾರೆ ಅಂತ ಕೇಳಿದ. ವೆರ್ನಾ ಇದ್ದದ್ದನ್ನು ಹೇಳಿದಳು. ಕಸದ ಡಬ್ಬಿಯ ಹತ್ತಿರವೇ ಅಂತ ಕೇಳಿದ. ಅವಳು ಹೌದೆಂದಳು. ಆಮೇಲೆ, ಬಂದಾಗಿನಿಂದ ಒಟ್ಟು ಆಡಿದ್ದಕ್ಕಿಂತ ಹೆಚ್ಚು ಮಾತು ಆ ಒಂದು ಸಲಕ್ಕೆ ಆಡಿದ.

ಸೈನ್ಯದಲ್ಲಿ ಅವನ ಕೆಲಸ ಗುಂಡು ಹಾರಿಸುವುದಾಗಿರಲಿಲ್ಲ, ಸತ್ತವರನ್ನು ತರುವುದು. ಚಳಿಗಾಲದಲ್ಲಿ ಗುಡ್ಡ ಹತ್ತಿ, ಹೆಪ್ಪುಗಟ್ಟಿ ಬಿದ್ದವರನ್ನು ಹುಡುಕಿ, ಕತ್ತಿನ ಬಿಲ್ಲೆ ನೋಡಿ ಹೆಸರು ಹಿಡಿದು, ಕಂಬಳಿ ಸುತ್ತಿ ಲಾರಿಗೆ ಹಾಕಿಕೊಂಡು ಇಳಿಯುವುದು. ಊರಿಗೆ ಮರಳಿದ ಮೇಲೆ ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವನ ಕೈಯಿಂದ ಕಾಫಿ ಯಾರು ಕುಡಿಯುತ್ತಿದ್ದರು.

"ನಮ್ಮ ಲಾರಿ ಬಂತು ಅಂದ್ರೆ ರಸ್ತೆಲಿದ್ದ ಜೀಪುಗಳೆಲ್ಲ ನಿಲ್ತಿದ್ವು," ಅಂದ. "ಕರ್ನಲ್ ಇರ್ಲಿ, ಅವನಪ್ಪ ಇರ್ಲಿ, ಹೆಲ್ಮೆಟ್ ತೆಗೀತಿದ್ರು. ನಾವು ಒಬ್ಬನನ್ನೂ ಹಿಂದಿನ ದಾರೀಲಿ ಕದ್ದು ತರ್ಲಿಲ್ಲ ವೆರ್ನಾ. ನನ್ನನ್ನ ಆಲೂಗಡ್ಡೆ ಸಿಪ್ಪೆ ಜೊತೆ ಕಳಿಸಬೇಡಿ."

ಇಷ್ಟು ವರ್ಷ ಎಷ್ಟು ಬಾಗಿಲು ಮುಚ್ಚಿದ್ದೆನಲ್ಲ ಅಂತ ವೆರ್ನಾಗೆ ನಾಚಿಕೆಯಾಯಿತು. ಕಳಿಸುವುದಿಲ್ಲ ಅಂತ ಮಾತು ಕೊಟ್ಟುಬಿಟ್ಟಳು. ಕೊಟ್ಟ ಮೇಲೆ, ಕೊಡುವುದಕ್ಕೆ ನಾನು ಯಾರು ಅಂತ ಯೋಚನೆ ಬಂತು. ಆದರೆ ಆಡಿದ ಮಾತನ್ನು ನುಂಗಿ ಅಭ್ಯಾಸವಿದ್ದವಳಲ್ಲ ಅವಳು.

ನೆಟ್ಟಗೆ ಸ್ಟ್ರೌಡನ ಕೋಣೆಗೆ ಹೋದಳು. ಅವನು ಪೂರ್ತಿ ಕೇಳಿಸಿಕೊಂಡ, ಅದೂ ಅವನ ಒಳ್ಳೆಯತನ. ಆಮೇಲೆ ಆಗುವುದಿಲ್ಲ ಅಂದ. ಉಳಿದವರು ಕಣ್ಣಾರೆ ನೋಡಿದರೆ ಕುಗ್ಗಿಹೋಗುತ್ತಾರೆ, ಊಟ ಬಿಡುತ್ತಾರೆ. ಅದಿರಲಿ, ಆ ಮುಂಬಾಗಿಲನ್ನು ಚಳಿಗಾಲದಲ್ಲಿ ತೆರೆದವರು ಯಾರು. ಮೊದಲ ಹಿಮ ಬಿದ್ದಾಗ ಅಗಳಿ ಹಾಕಿದರೆ ಮತ್ತೆ ತೆರೆಯುವುದು ಏಪ್ರಿಲ್‌ನಲ್ಲೇ. ಸರೋವರದ ಗಾಳಿ ಹಿಮವನ್ನು ತಂದು ಅಲ್ಲೇ ಗುಡ್ಡೆ ಹಾಕುತ್ತದೆ, ಸಾಲದ್ದಕ್ಕೆ ಚಾವಣಿಯ ಮೇಲಿನ ಹಿಮ ಜಾರಿ ಅಲ್ಲಿಗೇ ಬೀಳುತ್ತದೆ. ಯಾರಾದರೂ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಉತ್ತರ ಕೊಡಬೇಕಾದವನು ತಾನು. ವೆರ್ನಾ ನಿಂತಲ್ಲೇ ನಿಂತಿದ್ದಳು. ಇವಳು ಹೊರಟರೆ ಸಾಕಪ್ಪಾ ಅನ್ನಿಸಿ ಸ್ಟ್ರೌಡ್ ಒಂದು ಮಾತು ತೇಲಿಸಿಬಿಟ್ಟ.

"ನೋಡು ವೆರ್ನಾ, ಅವನು ಹೋಗೋ ಹೊತ್ತಿಗೆ ಮೆಟ್ಟಿಲ ಕಲ್ಲು ಬೇಸಿಗೇಲಿ ಕಾಣೋ ಹಾಗೆ ಕಾಣಿಸ್ತಿದ್ರೆ, ಆಗ ಯೋಚನೆ ಮಾಡೋಣ."

ಅಷ್ಟು ಸಾಕಾಗಿತ್ತು ಅವಳಿಗೆ.

ಮಾರನೆಯ ದಿನ ಮನೆಯಿಂದ ಸ್ಕೂಪು ತಂದಳು. ನಮ್ಮ ಕಡೆ ಪ್ರತಿ ಮನೆಯಲ್ಲೂ ಇರುವಂಥದ್ದು: ಮೊರದ ಹಾಗೆ ಅಗಲವಾದ ತಗಡು, ಎರಡು ಕೈಯಲ್ಲೂ ಹಿಡಿಯುವ ಹಾಗೆ ಬಾಗಿದ ಉದ್ದ ಹಿಡಿ. ಅದನ್ನು ಎತ್ತುವಂತಿಲ್ಲ. ಹಿಮದೊಳಕ್ಕೆ ತಳ್ಳಬೇಕು, ತುಂಬಿದ ಮೇಲೆ ಜಾರಿಸಿಕೊಂಡು ಹೋಗಿ ಪಕ್ಕಕ್ಕೆ ಸುರಿಯಬೇಕು. ಎತ್ತಲು ಹೋದವನ ಸೊಂಟ ಅವತ್ತೇ ಹೋಯಿತು ಅಂತ ಲೆಕ್ಕ. ಪಾಳಿ ಮುಗಿದ ಮೇಲೆ ಅವಳು ಟೋಪಿ ಎಳೆದುಕೊಂಡು ಮುಂಬಾಗಿಲ ಕಡೆ ಸುತ್ತಿ ಹೋಗಿ ತಳ್ಳಲು ಶುರು ಮಾಡಿದಳು. ಕತ್ತಲಾಗುವ ಹೊತ್ತಿಗೆ ಮೇಲಿನ ಮೆಟ್ಟಿಲಿನ ಒಂದು ಮೂಲೆ ಕಂಡಿತು. ಬೆಳಿಗ್ಗೆ ಬಂದು ನೋಡಿದರೆ ಅದೂ ಇಲ್ಲ.

ಮುದುಕರು ಕೂತು ಇಸ್ಪೀಟಾಡುವ ಹಜಾರದ ಕಿಟಕಿ ಆ ಕಡೆಗೇ ಇತ್ತು. ಇಂಥ ತಮಾಷೆ ಅವರಿಗೆ ಸಿಕ್ಕಿ ಎಷ್ಟು ದಿನವಾಗಿತ್ತೋ. ಕಿಟಕಿಯ ಪಕ್ಕದ ಜಾಗಕ್ಕೆ ಜಗಳವೇ ಶುರುವಾಯಿತು. ಎಲ್ಲರಿಗಿಂತ ಮುಂದೆ ಗಾಲಿಕುರ್ಚಿ ತಂದು ಒಡ್ಡುತ್ತಿದ್ದವನು ಡೆನ್‌ಜಿಲ್ ಟ್ರೆವಾರ್ಥ. ಜಪಾನಿನ ಮೇಲಿನ ಯುದ್ಧದಲ್ಲಿ ಹಡಗಿನ ಮೇಲಿದ್ದವನು. ಎರಡೂ ಕಾಲಿಲ್ಲ, ನಾಲಿಗೆ ಮಾತ್ರ ಭದ್ರವಾಗಿತ್ತು. ಅವನಿಗೆ ಎಲ್ಲರೂ ಒಂದೋ ಕ್ಯಾಪ್ಟನ್, ಇಲ್ಲವೇ ಭೂಸೇನೆಯ ದಡ್ಡರು.

"ಏನು ಕ್ಯಾಪ್ಟನ್," ಅಂತ ಅವಳು ಒಳಗೆ ಬರುತ್ತಲೇ ಕೆಣಕುತ್ತಿದ್ದ. "ಸರೋವರ ಕೂಡ ಖಾಲಿ ಮಾಡ್ತೀಯೋ ಅಥವಾ ಅದು ನಾಳೆಗೋ?"

"ನಾಳೆಗೆ. ನಿನ್ನ ಬಾಯಿ ಮುಚ್ಚಿಸೋ ಕೆಲಸ ಆದ್ಮೇಲೆ," ಅನ್ನುತ್ತಿದ್ದಳು ವೆರ್ನಾ.

ಆರ್ವೊಗೆ ಸುದ್ದಿ ಮುಟ್ಟದೆ ಇರುತ್ತದೆಯೇ. ನಿನಗೇನು ತಲೆ ಕೆಟ್ಟಿದೆಯಾ, ಇಲ್ಲಿನ ಹಿಮ ತೆಗೆದು ಮುಗಿಯುತ್ತದೆಯಾ ಅಂತ ಬೈದ. ವೆರ್ನಾ ಸೊಪ್ಪು ಹಾಕಲಿಲ್ಲ. ಬದಲಿಗೆ ವ್ಯಾಪಾರಕ್ಕೆ ಕೂತಳು.

"ನಾನು ದಿನಾ ಹಿಮ ತೆಗೀತೀನಿ. ನೀವು ದಿನಾ ಔಷಧಿ ತಗೋಬೇಕು. ನೀವು ಬಿಟ್ಟ ದಿನ ನಾನೂ ಬಿಡ್ತೀನಿ."

"ಅದು ತಗೊಂಡ್ರೆ ತಲೆ ಮಂಕಾಗುತ್ತೆ ಹುಡುಗಿ." ಐವತ್ತು ದಾಟಿದ ಅವಳನ್ನು ಹುಡುಗಿ ಅನ್ನುವವನು ಅವನೊಬ್ಬನೇ.

"ಮಂಕಾಗ್ಲಿ ಬಿಡಿ. ನೋವಿದ್ದಾಗ ಮಾತ್ರ ಏನು ಮಹಾ ಚುರುಕಾಗಿದ್ರಿ?"

ಆರ್ವೊ ಮೊದಲ ಸಲ ನಕ್ಕ. ನಕ್ಕಿದ್ದಕ್ಕೆ ಕೆಮ್ಮು ಬಂತು, ಕೆಮ್ಮು ನಿಂತ ಮೇಲೆ ಬಾಯಿ ತೆರೆದ. ನಾಲಿಗೆಯ ಕೆಳಗೆ ತೊಟ್ಟು ಬಿತ್ತು. ಅವತ್ತು ಅವನ ಬೆರಳುಗಳು ಹಾಸಿಗೆಯ ಅಂಚನ್ನು ಬಿಟ್ಟವು, ನಾಲ್ಕು ತುತ್ತು ಊಟವೂ ಸೇರಿತು. ಡಾಕ್ಟರು ಜನವರಿ ದಾಟುವುದಿಲ್ಲ ಅಂದಿದ್ದ ಮನುಷ್ಯ ಫೆಬ್ರವರಿಗೆ ಕಾಲಿಟ್ಟ. ಅದಕ್ಕೂ ಡೆನ್‌ಜಿಲ್ ಬಿಡಲಿಲ್ಲ. ಅವನು ಬೇಕಂತಲೇ ಸಾಯ್ತಿಲ್ಲ, ನಿನ್ನ ಕೈಲಿ ಹಿಮ ಎತ್ತಿಸೋದು ನೋಡಿ ಮಜಾ ತಗೋತಿದಾನೆ ಅಂದ.

ಒಂದು ದಿನ ಮಧ್ಯಾಹ್ನ ಮೋಡ ಸರಿದು ಬಿಸಿಲು ಬಿತ್ತು. ವೆರ್ನಾಗೆ ರಜೆ ಇತ್ತು, ಆದರೂ ಬಂದಳು. ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಮೆಟ್ಟಿಲು ತೆಗೆದು, ಕಬ್ಬಿಣದ ಕೋಲಿನಿಂದ ಮಂಜುಗಡ್ಡೆ ಕೆತ್ತಿ, ಉಪ್ಪು ಎರಚಿದಳು. ಕಲ್ಲು ಒದ್ದೆಯಾಗಿ ಕಪ್ಪಗೆ ಹೊಳೆಯಿತು. ಕಿಟಕಿಯಲ್ಲಿದ್ದವರೆಲ್ಲ ಇಸ್ಪೀಟು ಬಿಟ್ಟು ನೋಡುತ್ತಿದ್ದರು. ಅವಳು ಕೈಗವಸು ತೆಗೆದು ಸ್ಟ್ರೌಡನನ್ನು ಕರೆಯಲು ಹೊರಟಳು ನೋಡಿ, ಆ ಬಿಸಿಲಿಗೇ ಸಡಿಲವಾಗಿ ಚಾವಣಿಯ ಮೇಲಿದ್ದ ಹಿಮವಷ್ಟೂ ಜಾರಿತು. ಕಟ್ಟಡವೇ ಅದುರುವ ಹಾಗೆ ಧೊಪ್ಪೆಂದು ಬಿತ್ತು. ಅವಳಿಗೆ ಪೆಟ್ಟಾಗದಿದ್ದದ್ದು ಪುಣ್ಯ. ಮೆಟ್ಟಿಲಿದ್ದ ಜಾಗದಲ್ಲಿ ಅವಳೆತ್ತರದ ಗುಡ್ಡೆ.

ವೆರ್ನಾ ಅದರ ಮೇಲೇ ಕುಸಿದು ಕೂತಳು. ಅವಳಪ್ಪ ಗಣಿಯಲ್ಲಿ ಬಳಸುತ್ತಿದ್ದ ಫಿನ್ನಿಶ್ ಬೈಗುಳವೊಂದನ್ನು ಗಟ್ಟಿಯಾಗಿ ಬೈದಳು, ಅದನ್ನಿಲ್ಲಿ ಬರೆಯುವಂತಿಲ್ಲ. ಆಮೇಲೆ ಅತ್ತಳು. ಕಿಟಕಿಯಲ್ಲಿ ಯಾರೂ ನಗಲಿಲ್ಲ. ಡೆನ್‌ಜಿಲ್ ಗಾಲಿಕುರ್ಚಿ ತಿರುಗಿಸಿಕೊಂಡು ಒಳಗೆ ಹೋದ.

ಸಂಜೆ ಆರ್ವೊನ ಕೋಣೆಗೆ ಹೋದಾಗ ಅವಳ ಕಣ್ಣು ಇನ್ನೂ ಕೆಂಪಗಿತ್ತು. ಅವನಿಗೆ ಆ ಸದ್ದು ಕೇಳಿಸಿತ್ತು. ಸಾಕು ಬಿಡು ಅಂದ. ನಾನು ನಿನ್ನ ಸಂಬಂಧಿಕನಲ್ಲ, ಪರಿಚಯವಾಗಿ ಎರಡು ತಿಂಗಳೂ ಆಗಿಲ್ಲ, ಯಾಕೆ ಇಷ್ಟು ಮಾಡುತ್ತಿದ್ದೀಯ ಅಂತ ಕೇಳಿದ. ವೆರ್ನಾ ಅವನ ಹಿಮ್ಮಡಿಗೆ ಎಣ್ಣೆ ಹಚ್ಚುತ್ತಾ, ತಲೆ ಎತ್ತದೆ ಹೇಳಿದಳು.

"ನನ್ನಣ್ಣ ರೈನೊ ವಿಯೆಟ್ನಾಮಿಂದ ವಿಮಾನದಲ್ಲಿ ಬಂದ. ಪೆಟ್ಟಿಗೇಲಿ. ಸರಕು ಇಳಿಸೋ ಶೆಡ್ಡಿಗೆ ಬನ್ನಿ ಅಂದ್ರು. ನಾನೂ ಅಪ್ಪನೂ ಹೋದ್ವಿ. ಒಂದು ಕಡೆ ಗಣಿ ಯಂತ್ರದ ಬಿಡಿಭಾಗ, ಇನ್ನೊಂದು ಕಡೆ ಸೇಬಿನ ಪೆಟ್ಟಿಗೆ, ನಡುವೆ ಅವನು. ಕೆಲಸದವನು ಸಿಗರೇಟ್ ಸೇದ್ತಾ ಇಳಿಸಿಕೊಟ್ಟ. ಯಾರೂ ಟೋಪಿ ತೆಗೀಲಿಲ್ಲ. ನಾನೂ ಏನೂ ಹೇಳ್ಲಿಲ್ಲ. ನನಗಾಗ ಹತ್ತೊಂಬತ್ತು."

ನಮ್ಮಲ್ಲಾಗಿದ್ದರೆ ಟೋಪಿ ತೆಗೆಯುತ್ತಿದ್ದರು ಅಂದ ಆರ್ವೊ. ಆಮೇಲೆ, ನಾಳೆ ಹಿಮ ತೆಗೆಯುವಾಗ ಕತ್ತಿಗೆ ಸರಿಯಾಗಿ ಉಣ್ಣೆ ಬಟ್ಟೆ ಸುತ್ತಿಕೋ ಅಂದ.

ಮಾರನೆಯ ದಿನ ಅವಳು ಸ್ಕೂಪು ಹಿಡಿದು ಹೋದರೆ ಗುಡ್ಡೆಯ ಪಕ್ಕದಲ್ಲಿ ಕೋಟು ಟೋಪಿ ಹಾಕಿಕೊಂಡು ನಡೆದಾಡಬಲ್ಲ ಮುದುಕರು ನಿಂತಿದ್ದರು. ಒಬ್ಬನ ಕೈಯಲ್ಲಿ ಪೊರಕೆ, ಒಬ್ಬನ ಕೈಯಲ್ಲಿ ಉಪ್ಪಿನ ಬಕೆಟ್, ಇನ್ನೊಬ್ಬ ಊಟದ ತಟ್ಟೆಯನ್ನೇ ತಂದಿದ್ದ. ನಡೆದಾಡಲಾಗದ ಡೆನ್‌ಜಿಲ್ ಕಂಬಳಿಯೊಳಗೆ ಕೂತು ಅಪ್ಪಣೆ ಕೊಡುತ್ತಿದ್ದ. ಸ್ಟ್ರೌಡ್ ಓಡಿ ಬಂದು ನ್ಯುಮೋನಿಯಾ ಹಿಡಿದರೆ ಸಾಯುತ್ತೀರಲ್ಲ ಅಂತ ಕೂಗಾಡಿದ.

"ಅದಕ್ಕೇ ಬಾಗಿಲು ಸರಿ ಮಾಡ್ತಿದೀವಿ ಸಾಹೇಬ್ರೇ," ಅಂದ ಡೆನ್‌ಜಿಲ್. "ನೀವು ಸಾವನ್ನ ನಮ್ಮಿಂದ ಮುಚ್ಚಿಡ್ತೀರಿ. ನಾವು ಅದರ ಜೊತೆ ಒಂದೇ ಹಡಗಲ್ಲಿ ಬಂದೋರು. ನಮಗೆ ಬೇಜಾರಾಗೋದು ಸತ್ತಿದ್ದಕ್ಕಲ್ಲ, ಕದ್ದು ಸಾಗಿಸ್ತೀರಲ್ಲ, ಅದಕ್ಕೆ."

ಸ್ಟ್ರೌಡ್ ಸೈನ್ಯದಲ್ಲಿ ಇದ್ದವನಲ್ಲ. ಕಣ್ಣು ಸರಿಯಿಲ್ಲ ಅಂತ ತೆಗೆದುಕೊಂಡಿರಲಿಲ್ಲ. ಈ ಜನರೆದುರು ಅವನಿಗೆ ಅದೊಂದು ಅಳುಕು ಇದ್ದೇ ಇತ್ತು. ಎಲ್ಲರನ್ನೂ ಅರ್ಧ ಗಂಟೆಯೊಳಗೆ ಒಳಗೆ ಕಳಿಸು ಅಂತಷ್ಟೇ ವೆರ್ನಾಗೆ ಹೇಳಿ ಹೋದ.

ತಿಂಗಳು ಮುಗಿಯುತ್ತಾ ಬಂದಾಗ ಆರ್ವೊ ಊಟ ಬಿಟ್ಟ, ಆಮೇಲೆ ನೀರು. ಕೊನೆಯ ದಿನಗಳಲ್ಲಿ ಬರುವ ತಳಮಳ ಅವನಿಗೂ ಬಂತು. ಹೊದಿಕೆ ಕಿತ್ತೆಸೆದು, ಬೆರಳಿನಿಂದ ಗಾಳಿಯಲ್ಲಿ ಏನನ್ನೋ ಹುಡುಕುತ್ತಾ ಏಳಲು ಹೋಗುತ್ತಿದ್ದ. ಗುಡ್ಡದ ಮೇಲೆ ಇನ್ನೂ ಒಬ್ಬನಿದ್ದಾನೆ, ಬಿಟ್ಟು ಬಂದೆವು, ಲಾರಿ ನಿಲ್ಲಿಸಿ ಅನ್ನುತ್ತಿದ್ದ. ಹೊಸ ನರ್ಸು, ನೀವು ಆಶ್ರಮದಲ್ಲಿದ್ದೀರಿ, ಇಲ್ಲಿ ಯಾವ ಲಾರಿಯೂ ಇಲ್ಲ ಅಂತ ಸಮಾಧಾನ ಮಾಡಲು ನೋಡಿದಳು. ಅವನು ಇನ್ನಷ್ಟು ಕೆರಳಿದ. ವೆರ್ನಾ ಬಂದು ಕಾಲಿನ ಕಡೆ ನಿಂತು ಹೆಬ್ಬೆರಳು ಹಿಡಿದುಕೊಂಡಳು.

"ವೆರ್ನಾ ನಾನು. ಅವನನ್ನ ತಂದಾಯ್ತು ಆರ್ವೊ. ಎಲ್ಲರೂ ಲಾರೀಲಿದಾರೆ, ಯಾರೂ ಉಳಿದಿಲ್ಲ. ಇನ್ನು ನೀವೊಬ್ಬರು ಹತ್ತಿದ್ರೆ ಹೊರಡೋದೇ."

"ಬಿಲ್ಲೆ ನೋಡಿದ್ರಾ?"

"ನೋಡಿದ್ವಿ. ಎಲ್ಲರ ಹೆಸರೂ ಸಿಕ್ತು."

ಅವನು ತಲೆಯನ್ನು ದಿಂಬಿಗೆ ಒರಗಿಸಿದ. ಮತ್ತೆ ಏಳಲು ಹೋಗಲಿಲ್ಲ.

ಅವನು ಹೋದದ್ದು ಮಾರನೆಯ ದಿನ ಊಟದ ಹೊತ್ತಿಗೆ. ಹೋಗುವವನು ಒಂದು ಒಳ್ಳೆಯ ದಿನ ನೋಡಿ ಹೋಗಬಾರದೇ. ಬೆಳಗಿನಿಂದ ಸರೋವರದ ಮೇಲಿಂದ ಬಿರುಗಾಳಿ ಎದ್ದಿತ್ತು. ಧ್ವಜದ ಕಂಬ ಕೂಡ ಕಾಣದ ಹಾಗೆ ಹಿಮ ಅಡ್ಡಡ್ಡ ಬೀಳುತ್ತಿತ್ತು. ಹಿಂದಿನ ಸಂಜೆ ತೆಗೆದಿದ್ದ ಮೆಟ್ಟಿಲು ಎಲ್ಲಿದೆ ಅಂತ ಊಹಿಸಬೇಕಿತ್ತು. ಎಮಿಲ್ ಬಿಯಾಂಕಿಯ ಕಪ್ಪು ಕಾರು ರಸ್ತೆಯ ಹಿಮ ನೂಕುವ ಲಾರಿಯ ಹಿಂದೆ ಹಿಂದೆ ಬಂದು, ಅಭ್ಯಾಸದಂತೆ ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತು.

ವೆರ್ನಾ ಆರ್ವೊನ ಮೈ ಒರೆಸಿ, ಗಡ್ಡ ಹೆರೆದು, ಬಿಳಿ ಅಂಗಿ ಹಾಕಿಸಿದ್ದಳು. ಸ್ಟ್ರೌಡ್ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ, ನಿನ್ನ ಕಷ್ಟ ನೋಡಿದ್ದೇನೆ, ಆದರೆ ಇವತ್ತು ಮಾತ್ರ ಸಾಧ್ಯವಿಲ್ಲ, ನೀನೇ ಹೊರಗೆ ನೋಡು.

"ಕಲ್ಲು ಕಾಣಿಸಿದ್ರೆ ಅಂದಿದ್ರಿ ಸರ್."

"ಕಾಣಿಸ್ತಿಲ್ಲವಲ್ಲ ವೆರ್ನಾ."

"ಕಾಣಿಸೋ ಹಾಗೆ ಮಾಡ್ತೀನಿ. ಕಾಯಿರಿ."

ಅವಳು ಕೋಟು ಹಾಕಿಕೊಂಡು ಹೊರಟಳು. ಮುಂದೆ ತಳ್ಳಿದರೆ ಹಿಂದೆ ತುಂಬುತ್ತಿತ್ತು. ರೆಪ್ಪೆಗೆ ಹಿಮ ಕಟ್ಟಿ ಕಣ್ಣು ಬಿಡಲಾಗುತ್ತಿರಲಿಲ್ಲ. ಒಂದು ಮೆಟ್ಟಿಲು ಬಿಡಿಸುವ ಹೊತ್ತಿಗೆ ತೋಳು ಸೋತಿತ್ತು, ಆದರೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಶೆಡ್ಡಿನ ಆ ಹುಡುಗಿಯ ಹಾಗೆ ಮತ್ತೆ ಬಾಯಿ ಮುಚ್ಚಿಕೊಂಡು ನಿಂತಂತಾಗುತ್ತದೆ ಅನ್ನಿಸುತ್ತಿತ್ತು ಅವಳಿಗೆ. ಹಿಮ ನೂಕುವ ಲಾರಿಯ ಚಾಲಕ ಕೂತಲ್ಲಿಂದ ಒಂದಷ್ಟು ಹೊತ್ತು ನೋಡಿದ. ಯಾರು ಸತ್ತದ್ದು, ಇವಳು ಯಾಕೆ ಹೀಗೆ ಮಾಡುತ್ತಿದ್ದಾಳೆ ಅಂತ ಏನೂ ಕೇಳದೆ ಲಾರಿ ತಿರುಗಿಸಿ, ಅಂಗಳದ ಹಿಮವನ್ನು ಮೆಟ್ಟಿಲ ಬುಡದವರೆಗೂ ನೂಕಿ ದಾರಿ ಮಾಡಿದ. ಆಮೇಲೆ ತನ್ನ ಸಲಿಕೆ ತೆಗೆದುಕೊಂಡು ಇಳಿದ. ಬಿಯಾಂಕಿ ಕಪ್ಪು ಕೋಟಿನಲ್ಲೇ ಬಂದ. ಅಡುಗೆಯವಳು ಹಬೆಯಾಡುವ ಕೆಟಲು ಹಿಡಿದು ಬಂದಳು.

ಒಳಗೆ ಕೆಲಸದವರು ಪದ್ಧತಿಯಂತೆ ಬಾಗಿಲು ಮುಚ್ಚಲು ಹೋದರೆ ಮುದುಕರು ಬಿಡಲಿಲ್ಲ. ಬಾಗಿಲ ಸಂದಿಗೆ ಊರುಗೋಲು, ಗಾಲಿಕುರ್ಚಿ, ಒಬ್ಬ ಚಪ್ಪಲಿ ಹಾಕಿದ ಕಾಲನ್ನೇ ಇಟ್ಟಿದ್ದ. ಒಬ್ಬೊಬ್ಬರಾಗಿ ಹೊರಗೆ ಬಂದು ಪಡಸಾಲೆಯ ಎರಡೂ ಕಡೆ ಸಾಲಾದರು. ಕೆಲವರು ಪೈಜಾಮದ ಮೇಲೇ ಹಳೆಯ ಸಮವಸ್ತ್ರದ ಕೋಟು ತೊಟ್ಟಿದ್ದರು, ಗುಂಡಿ ಯಾರದ್ದೂ ಕೂಡುತ್ತಿರಲಿಲ್ಲ. ಊಟದ ಮನೆಯ ಗೋಡೆಯ ಮೇಲಿದ್ದ ಧ್ವಜವನ್ನು ಇಳಿಸಿ ಆರ್ವೊಗೆ ಹೊದಿಸಿದರು.

ಹೊರಗೆ ಕಲ್ಲು ಕಂಡಿತು. ಎಲ್ಲ ಮೆಟ್ಟಿಲಿನದೂ ಕಂಡಿತು, ಎಷ್ಟು ಹೊತ್ತು ಕಾಣುತ್ತದೋ ಗೊತ್ತಿರಲಿಲ್ಲ. ವೆರ್ನಾ ಹೊರಗಿನಿಂದ ಕದ ಬಡಿದಳು. ಒಳಗೆ ಅಗಳಿ ಹೆಪ್ಪುಗಟ್ಟಿ ಕೂತಿತ್ತು. ಬೀಗದ ಕೈ ಇದ್ದದ್ದು ಸ್ಟ್ರೌಡನ ಹತ್ತಿರ ಮಾತ್ರ. ಎರಡು ಸಾಲಿನ ಮುದುಕರೂ ಅವನ ಮುಖವನ್ನೇ ನೋಡುತ್ತಿದ್ದರು. ಅವನು ಜೇಬಿನಿಂದ ಬೀಗದ ಕೈ ತೆಗೆದು ಬೀಗ ಬಿಚ್ಚಿದ. ಅಡುಗೆಮನೆಯಿಂದ ಬಿಸಿನೀರು ತರಿಸಿ ಅಗಳಿಗೆ ಸುರಿದು ಎಳೆದ, ಕದ ಮಾತ್ರ ಅಲುಗಲಿಲ್ಲ. ಕೋಟು ಬಿಚ್ಚಿ ಎಸೆದು ಭುಜ ಕೊಟ್ಟು ನೂಕಿದ. ಕದ ಕಿರುಗುಟ್ಟಿಕೊಂಡು ತೆರೆಯಿತು, ಬಿರುಗಾಳಿ ಒಳಗೆ ನುಗ್ಗಿತು. ಯಾರೂ ಹಿಂದೆ ಸರಿಯಲಿಲ್ಲ.

ಆರ್ವೊನ ಗಾಲಿಮಂಚ ಸಾಲುಗಳ ನಡುವೆ ಹೊರಟಿತು. ನಿಲ್ಲಬಲ್ಲವರು ನಿಂತರು. ಲಕ್ವ ಹೊಡೆದಿದ್ದ ಓಲೆ ಹಾಲ್ವರ್‌ಸನ್ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಹಣೆಗೆ ಮುಟ್ಟಿಸಿ ಹಿಡಿದುಕೊಂಡ. ಬಾಗಿಲ ಹತ್ತಿರ ಡೆನ್‌ಜಿಲ್ ಕಂಬಳಿಯೊಳಗಿಂದ ಸಣ್ಣ ಹಿತ್ತಾಳೆ ಸೀಟಿ ತೆಗೆದ. ಹಡಗಿನಿಂದ ಕ್ಯಾಪ್ಟನ್ ಇಳಿಯುವಾಗ ಊದುವ ಸೀಟಿ ಅದು. ಉಸಿರು ಸಾಲದೆ ನಡುನಡುವೆ ಬಿರಿಯುತ್ತಿದ್ದರೂ ಮಂಚ ಹೊಸಿಲು ದಾಟುವವರೆಗೂ ಬಿಡದೆ ಊದಿದ. ಹೊರಗೆ ಲಾರಿಯ ಚಾಲಕ ಉಣ್ಣೆಯ ಟೋಪಿ ತೆಗೆದು ಎದೆಗೆ ಹಿಡಿದು ನಿಂತಿದ್ದ. ಅವನ ಬರಿತಲೆಯ ಮೇಲೆ ಹಿಮ ಬೀಳುತ್ತಿತ್ತು. ವೆರ್ನಾ ಅದನ್ನು ನೋಡಿದಳು. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು.

"ಭೂಸೇನೆಯವನಿಗೆ ಹಡಗಿನ ಸೀಟಿ," ಅಂದ ಡೆನ್‌ಜಿಲ್, ಕಾರು ಮರೆಯಾದ ಮೇಲೆ ಮೂಗು ಒರೆಸಿಕೊಳ್ಳುತ್ತಾ. "ಕೇಳಿಸಿದ್ರೆ ಎದ್ದು ಬಂದು ಹೊಡೀತಿದ್ದ."

ಅವತ್ತು ಆರಿಹೋದ ಊಟವನ್ನು ಮತ್ತೆ ಬಿಸಿ ಮಾಡಿ ಬಡಿಸಬೇಕಾಯಿತು. ಸ್ಟ್ರೌಡ್ ಊಟದ ಮನೆಯ ಮೂಲೆಯಲ್ಲಿ ನಿಂತು, ಕುಗ್ಗಿಹೋಗಿರುತ್ತಾರೆ ಅಂತ ಒಬ್ಬೊಬ್ಬರ ಮುಖ ನೋಡಿದ. ತಿಂಗಳುಗಟ್ಟಲೆ ತಟ್ಟೆ ಕೆದಕಿ ಬಿಡುತ್ತಿದ್ದವರು ಬಳಿದು ತಿನ್ನುತ್ತಿದ್ದರು. ತನ್ನ ಸರದಿ ಬಂದಾಗ ಯಾವ ಕೋಟು ಹಾಕಬೇಕು, ಸೀಟಿ ಎಷ್ಟು ಹೊತ್ತು ಊದಬೇಕು ಅಂತ ಗಲಾಟೆಯೇ ನಡೆದಿತ್ತು. ಅವನು ತನ್ನ ಕೋಣೆಗೆ ಹೋದ.

ಮಾರನೆಯ ಬೆಳಿಗ್ಗೆ ವೆರ್ನಾ ಮೈಕೈ ನೋವಿನಲ್ಲಿ ಕಾಲೆಳೆದುಕೊಂಡು ಬಂದಳು. ಗಾಳಿ ನಿಂತಿತ್ತು, ಹಿಮ ಮಾತ್ರ ಸುರಿದು ಮತ್ತೆ ಗುಡ್ಡೆಯಾಗಿತ್ತು. ಅಭ್ಯಾಸದಂತೆ ಅಡುಗೆಮನೆಯ ಕಡೆ ಹೊರಟವಳಿಗೆ ಆಚೆಯಿಂದ ತಗಡು ಕಲ್ಲಿಗೆ ಉಜ್ಜುವ ಸದ್ದು ಕೇಳಿಸಿತು. ಸುತ್ತಿ ಹೋಗಿ ನೋಡಿದಳು. ಮುಂಬಾಗಿಲ ಮೆಟ್ಟಿಲ ಮೇಲೆ ಸ್ಟ್ರೌಡ್. ಆಫೀಸಿನ ಬೂಟು, ಕನ್ನಡಕದ ತುಂಬ ಮಂಜು, ಕೈಯಲ್ಲಿ ಅವಳದೇ ಸ್ಕೂಪು. ಅದನ್ನು ತುಂಬಿಸಿಕೊಂಡು ಎತ್ತಲು ಒದ್ದಾಡುತ್ತಿದ್ದ. ಕಿಟಕಿಯ ಒಳಗಿನಿಂದ ಡೆನ್‌ಜಿಲ್ ಗಾಜು ಬಡಿದು ಕೈಸನ್ನೆ ಮಾಡುತ್ತಿದ್ದ.

ಸ್ಟ್ರೌಡ್ ಅವಳನ್ನು ನೋಡಿ ಸೊಂಟ ನೆಟ್ಟಗೆ ಮಾಡಿಕೊಂಡ. ಮುಖ ಚಳಿಗೆ ಕೆಂಪಾಗಿತ್ತೋ ಬೇರೆ ಕಾರಣಕ್ಕೋ.

"ಹಾಲ್ವರ್‌ಸನ್‌ಗೆ ರಾತ್ರಿಯಿಂದ ಉಸಿರು ಸರಿಯಿಲ್ಲವಂತೆ," ಅಂದ.

ವೆರ್ನಾ ಹತ್ತಿರ ಹೋದಳು. ಅವನ ಕೈಗಳನ್ನು ಹಿಡಿಯ ಮೇಲೆ ಸ್ವಲ್ಪ ಕೆಳಕ್ಕೆ ಸರಿಸಿದಳು.

"ಎತ್ತಬೇಡಿ ಸರ್," ಅಂದಳು. "ತಳ್ಳಿ."